ದುರಸ್ತಿ ನಡೆದಿದೆ

ಆ ರವಿವಾರದ ಪೇಪರಿನಲ್ಲಿ ಈರಪ್ಪ ಸಾಹುಕಾರರ ಹೇಳಿಕೆ ಬರದೇ ಇದ್ದಿದ್ದರೆ, ಶಿದ್ರಾಮಪ್ಪ ಮಾಸ್ತರರಿಗೆ ಮಟನ್ನಿನ ನೆನಪೇ ಆಗುತ್ತಿರಲಿಲ್ಲ. 'ಶ್ರಾವಣ ಮುಗಿಯುವತನಕ ಜಿಲ್ಲೆಯಲ್ಲಿ ಒಂದೂ ಮಾಂಸದಂಗಡಿ, ಮಾಂಸದೂಟದ ಸಾವಜಿ ಖಾನಾವಳಿ ತೆರೆಯಕೂಡದು' ಎಂದು ಸಾಹುಕಾರರು ಗುಡುಗಿದ್ದರು. ಅವರು ಬೆಲ್ಲದ ವ್ಯಾಪಾರಿ, ಇದ್ದಬದ್ದ ಪಕ್ಷಗಳನ್ನೆಲ್ಲ ಸುತ್ತಿ ಬಂದ ಮುಖಂಡರು. ಹೋದ ಎಲೆಕ್ಷನ್ನಿನಲ್ಲಿ ಓಣಿಓಣಿಗೆ ಕುರಿ ಕಡಿಸಿ ಊಟ ಹಾಕಿದ ಪುಣ್ಯಾತ್ಮರೂ ಅವರೇ.

ಮಹಾಲಿಂಗಪುರ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಮಾಸ್ತರರು ಪೇಪರನ್ನು ಬೆಂಚಿಗೆ ಬಡಿದರು.

"ನಮ್ಮ ತಾಟಿನ್ಯಾಗ ಇಣಕಿ ನೋಡಾಕ ಇವ್ರ ಯಾರ್ರೀ? ತಿನ್ನೂದು ಬಿಡೂದು ನಮ್ಮ ಹಕ್ಕು! ಎದಿ ತಟ್ಟಿ ಹೇಳ್ತೇನಿ, ನಾ ಯಾರಿಗೂ ಅಂಜಾಂವಲ್ಲ!"

ಈ 'ಯಾರಿಗೂ' ಎಂಬುದರಲ್ಲಿ ಹೆಂಡತಿ ಸಾವಿತ್ರೆವ್ವ ಸೇರಿರಲಿಲ್ಲ. ಆಕೆ ಶ್ರಾವಣದ ಮೊದಲ ದಿನವೇ ತಾಕೀತು ಮಾಡಿದ್ದಳು: "ನೀವು ಒಂದ್ ತುಣುಕು ಬಾಯಿಗಿ ಹಾಕೊಂಡ್ರಂತ ನನ್ನ ಕಿವಿಗಿ ಬಿತ್ತಂದ್ರ ಅವತ್ತ ನಾ ತವರಮನಿಗಿ. ರೊಟ್ಟಿ ನೀವ ಬಡಕೊಂಡ ತಿನ್ರಿ." ಮಾಸ್ತರರಿಗೆ ಸಂವಿಧಾನ ಬಾಯಿಪಾಠ, ರೊಟ್ಟಿ ಬಡಿಯಲು ಮಾತ್ರ ಬರುತ್ತಿರಲಿಲ್ಲ.

ಆದರೇನು, ಹಕ್ಕಿನ ಬಗ್ಗೆ ಮಾತಾಡಿ ಮಾತಾಡಿ ಬಾಯಲ್ಲಿ ನೀರೂರಿತ್ತು. ಮನೆಗೆ ಫೋನ್ ಹಚ್ಚಿ "ವಿಚಾರಗೋಷ್ಠಿ ಐತಿ" ಎಂದವರೇ ಲೋಕಾಪುರದ ಬಸ್ ಹತ್ತಿದರು.

ಲೋಕಾಪುರದ ಪಾಂಡುಸಾನ ಸಾವಜಿ ಖಾನಾವಳಿಯ ಬಾಗಿಲಿಗೆ ಶ್ರಾವಣ ಬಂದರೆ 'ದುರಸ್ತಿ ನಡೆದಿದೆ' ಎಂಬ ಬೋರ್ಡು ಬೀಳುತ್ತದೆ. ಒಳಗೆ ಮಾತ್ರ ಒಲೆ ಆರುವುದಿಲ್ಲ. ಮರ್ಯಾದಸ್ಥರಿಗಾಗಿ ಪರದೆ ಇಳಿಬಿಟ್ಟ ಸಣ್ಣ ಖೋಲಿಗಳಿವೆ. ಪರದೆಯ ಹಿಂದೆ ಕೂತವರನ್ನು ಹೆಸರು ಹಿಡಿದು ಕರೆಯಬಾರದು ಎಂಬುದು ಪಾಂಡುಸಾ ಇಂದಿಗೂ ತಪ್ಪದೆ ಪಾಲಿಸಿಕೊಂಡು ಬಂದ ಧರ್ಮ.

ಮಟನ್ನಿನ ಕೆಂಪು ರಸ್ಸಾ ಬಂತು, ಬಿಸಿ ರೊಟ್ಟಿ ಬಂತು. ಮಾಸ್ತರರು ಮೊದಲ ತುತ್ತು ಎತ್ತಿದರು. ಆಗ ಪಕ್ಕದ ಖೋಲಿಯಿಂದ ಮೈಕಿನಲ್ಲಿ ಕೇಳಿ ಕೇಳಿ ಪರಿಚಯವಾದ ದನಿ:

"ಪಾಂಡುಸಾ, ಖೀಮಾ ಇನ್ನೊಂದೀಟ ತಾರಲೇ!"

ಈರಪ್ಪ ಸಾಹುಕಾರರು! ಮಾಸ್ತರರಿಗೆ ಸ್ವರ್ಗ ಸಿಕ್ಕಂತಾಯಿತು. ತುತ್ತು ತಾಟಿಗೇ ವಾಪಸ್ಸಾಯಿತು. ಇದೇ ಊರಲ್ಲಿದ್ದ ತಮ್ಮ ಹಳೆಯ ವಿದ್ಯಾರ್ಥಿ, ಪೇಪರಿನ ವರದಿಗಾರ ಸಿದ್ದಾರೂಢನಿಗೆ ಫೋನ್ ಹಚ್ಚಿ ಪಿಸುಗುಟ್ಟಿದರು: "ಕ್ಯಾಮೆರಾ ತಗೊಂಡ ಪಾಂಡುಸಾನ ಖಾನಾವಳಿಗಿ ಓಡಿ ಬಾರಪಾ. ದೊಡ್ಡ ಬ್ಯಾಟಿ ಐತಿ. ನನ್ನ ಹೆಸರ ಮಾತ್ರ ಬರೀಬ್ಯಾಡ."

ಸುಮ್ಮನೆ ಹಿಂದಿನ ಬಾಗಿಲಿಂದ ಜಾರಿಕೊಳ್ಳಬೇಕಿತ್ತು. ಆದರೆ ಸಾಹುಕಾರರ ಮುಖ ಕಪ್ಪಾಗುವುದನ್ನು ಕಣ್ಣಾರೆ ನೋಡುವ ಆಸೆ ಬಿಡಲಿಲ್ಲ. ಗೋಡೆಗೆ ಕಿವಿಯಾನಿಸಿ ಕೂತರು. ರಸ್ಸಾ ಆರುತ್ತಿತ್ತು.

ಸಿದ್ದಾರೂಢ ಬಿರುಗಾಳಿಯಂತೆ ನುಗ್ಗಿದ. ಎದುರಿಗೆ ಸಿಕ್ಕ ಮೊದಲ ಪರದೆಯನ್ನೇ ಸರ್ರನೆ ಎಳೆದ.

"ಅಯ್ಯ, ಸರ್! ನೀವಾ?"

ಗದ್ದಲಕ್ಕೆ ಸಾಹುಕಾರರು ಹೊರಬಂದರು. ಕ್ಯಾಮೆರಾ ನೋಡಿದರು, ಮಾಸ್ತರರನ್ನು ನೋಡಿದರು. ಕೈಯನ್ನು ಶಲ್ಯಕ್ಕೆ ಒರೆಸಿ, ಆ ಕೈಯನ್ನೇ ಮಾಸ್ತರರ ಹೆಗಲ ಮೇಲಿಟ್ಟರು. ಇಷ್ಟು ವರ್ಷದ ರಾಜಕೀಯ ಸುಮ್ಮನೆ ಮಾಡಿದ್ದಲ್ಲ!

"ಛಲೋ ಟೈಮಿಗಿ ಬಂದಿ ನೋಡಪಾ. ನಾನು, ಮಾಸ್ತರು ಕೂಡೇ ದಾಳಿ ಮಾಡೇವಿ. ಆ ತಾಟು ಸಾಕ್ಷಿಗಿ ಇಟಗೊಂಡೇವಿ. ಖರೆ ಅಲ್ರಿ, ಮಾಸ್ತರ?"

ಮಾಸ್ತರರು "ಸುಳ್ಳು!" ಎನ್ನಲು ಬಾಯಿ ತೆರೆದರು. ಕಣ್ಣೆದುರು ತವರಿಗೆ ಹೊರಟ ಸಾವಿತ್ರೆವ್ವ, ಒಲೆಯ ಮೇಲೆ ಖಾಲಿ ಹಂಚು ಕಾಣಿಸಿದವು.

"ಖರೆ... ಖರೇನ ಐತ್ರಿ," ಎಂದರು.

ಜನ ಕೂಡಿದರು. ಸಾಕ್ಷಿಯ ತಾಟಿನ ಫೋಟೋ ತೆಗೆದು, ತಾಟಿನಲ್ಲಿದ್ದುದನ್ನು ಬೀದಿಯ ನಾಯಿಗೆ ಸುರಿದರು. ನಾಯಿ ಬಾಲ ಅಲ್ಲಾಡಿಸುತ್ತ ತಿನ್ನುವುದನ್ನು ನೋಡಿ ಮಾಸ್ತರರ ಕರುಳು ಚುರಕ್ಕೆಂದಿತು. "ಇಂಥಾ ವಿಚಾರವಂತರ ಮನಸ್ಸ ಬದಲಾತು!" ಎಂದು ಸಾಹುಕಾರರು ಭಾಷಣ ಬಿಗಿದು, ಅಲ್ಲೇ 'ಶ್ರಾವಣ ರಕ್ಷಣಾ ಸಮಿತಿ' ಕಟ್ಟಿ, ಮಾಸ್ತರರನ್ನೇ ಅಧ್ಯಕ್ಷರೆಂದು ಸಾರಿ ಹಾರ ಹಾಕಿದರು.

ಅರ್ಧ ತಾಸಿನಲ್ಲಿ ಮನೆಯಿಂದ ಫೋನ್ ಬಂತು. ಸಾವಿತ್ರೆವ್ವ ಆನಂದದಿಂದ ಅಳುತ್ತಿದ್ದಳು.

"ಸಿದ್ದಾರೂಢ ಎಲ್ಲಾ ಹೇಳಿದಾ ರೀ! ನಿಮ್ಮನ್ನ ಸುಮ್ಮನ ಬೈತಿದ್ನಿ. ಈಗ ಮಠಕ್ಕ ಹೋಗಿ, ಇನ್ನ ಜೀವ ಇರೂತನ ನೀವು ಮಟನ್ ಮುಟ್ಟೂದಿಲ್ಲಂತ ನಿಮ್ಮ ಪರವಾಗಿ ನಾನ ಆಣಿ ಮಾಡಿ ಬಂದೇನಿ!"

ತಿನ್ನುವ ಹಕ್ಕು ಹೀಗೆ ಫೋನಿನಲ್ಲೇ ತೀರಿಕೊಂಡಿತು.

ಜನ ಚದುರಿದ ಮೇಲೆ ಸಾಹುಕಾರರು ತಾವೇ ಒಂದು ಕುರ್ಚಿ ತಂದು, ಬೋರ್ಡಿನ ಕೆಳಗೆ ಬಾಗಿಲಿಗೆ ಅಡ್ಡಲಾಗಿ ಹಾಕಿ, ಮಾಸ್ತರರನ್ನು ಹಾರದ ಸಮೇತ ಕೂಡಿಸಿದರು.

"ಕತ್ತಲಾಗೂತನ ಒಬ್ಬನೂ ಒಳಗ ಹೋಗಬಾರದ್ರಿ, ಅಧ್ಯಕ್ಷರ."

"ಮತ್ತ ನೀವ್ರಿ?"

"ನೀವು ಮುಂದಿನ ಬಾಗಲಾ ಕಾಯ್ರಿ. ಹಿಂದಿನ ಬಾಗಲಾ ನಾ ನೋಡ್ಕೋತೇನಿ," ಎಂದು ಸಾಹುಕಾರರು ಸಂದಿಯೊಳಗೆ ಹೊರಳಿದರು.

ಮಾಸ್ತರರ ಹೊಟ್ಟೆ ಗುರ್ ಎಂದಿತು. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದಿನಿಂದ, ಮುಚ್ಚಿದ ಬಾಗಿಲೊಳಗಿಂದ ದನಿ ಕೇಳಿಸಿತು:

"ಪಾಂಡುಸಾ, ಖೀಮಾ ಆರೇತೇನಲೇ? ಬಿಸಿ ಮಾಡ್ಕೊಂಡ ತಾ!"