ಬೇಲಿಯ ಕಿಂಡಿ

ಎಲ್ಲ ಶುರುವಾದದ್ದು ಬೇಲಿಯಿಂದ ಆಚೆ ಚಾಚಿಕೊಂಡಿದ್ದ ಒಂದೇ ಒಂದು ಎಲೆಯಿಂದ.

ಈನಕ್ ಗಾರ್ಸೈಡ್ ಲಂಡನ್ನಿನ ಹೊಗೆ ತುಂಬಿದ ಓಣಿಯಲ್ಲಿ ಮೂವತ್ತು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟಿದವನು. ಊರಾಚೆಯ ಈ ಹೊಸ ತೋಟದ ಬಡಾವಣೆಗೆ ಬಂದು ಆರು ತಿಂಗಳಾಗಿದ್ದರೂ, ಬೆಳಿಗ್ಗೆ ಬಾಗಿಲು ತೆರೆದರೆ ಚರ್ಚಿನೊಳಗೆ ಕಾಲಿಟ್ಟವನಂತೆ ತಲೆಯ ಮೇಲಿನ ಟೋಪಿ ತೆಗೆಯುತ್ತಿದ್ದ. ಹಳೆಯ ಪೇರ್ ಹಣ್ಣಿನ ಮರವೊಂದನ್ನು ಉಳಿಸಲು ಇಲ್ಲಿ ರಸ್ತೆಯನ್ನೇ ಬಾಗಿಸಿದ್ದರು. ಮರಕ್ಕೆ ರಸ್ತೆ ದಾರಿ ಬಿಡುವುದನ್ನು ಅವನು ಕನಸಿನಲ್ಲೂ ಕಂಡಿರಲಿಲ್ಲ. ಹೆಂಡತಿ ಹೆಟ್ಟಿಯ ಕೆಮ್ಮು ಇಲ್ಲಿಗೆ ಬಂದ ಮೇಲೆ ನಿಂತಿತ್ತು. ಮನೆಗಳ ನಡುವೆ ಗೋಡೆಯಿಲ್ಲ, ಆಳೆತ್ತರದ ಹಸಿರು ಬೇಲಿ ಮಾತ್ರ. ಬೇಲಿ ಕೆಡಿಸಿದವರು ಮನೆ ಬಿಡಬೇಕೆಂದು ಬಡಾವಣೆಯ ಸಮಿತಿಯ ಕಟ್ಟಪ್ಪಣೆ.

ಆ ಶನಿವಾರ ಮೂರು ಗಂಟೆಗೆ ಜರ್ಮನಿಯಿಂದ ಬಡಾವಣೆ ನೋಡಲು ಬರುವವರಿದ್ದರು. ಈನಕ್ ಆ ಎಲೆಯನ್ನು ಕತ್ತರಿಸಿದ. ಆಗ ಪಕ್ಕದ್ದು ಉದ್ದ ಕಂಡಿತು. ಅದನ್ನೂ ಕತ್ತರಿಸಿದ. ಹತ್ತು ಗಂಟೆಗೆ ಬೇಲಿಯ ನಡುವೆ ಚಹಾ ತಟ್ಟೆಯಷ್ಟು ಅಗಲದ ಕಿಂಡಿ. ಅದರಲ್ಲಿ ಹುಣ್ಣಿಮೆ ಚಂದ್ರನ ಹಾಗೆ ಪಕ್ಕದ ಮನೆಯ ಮಿಸೆಸ್ ಟಾಟಲ್ ಮುಖ ಮೂಡಿತು.

"ಏನ್ರೀ ಗಾರ್ಸೈಡ್, ನಮ್ಮನೆ ಅಡುಗೆ ನೋಡೋಕೆ ಕಿಟಕಿ ಮಾಡ್ಕೊಂಡ್ರಾ?"

"ಕೈ ಜಾರಿಬಿಡ್ತು ತಾಯಿ."

"ಕೈ ಜಾರಿದ್ರೆ ಬೆರಳು ಹೋಗುತ್ತೆ, ಬೇಲಿ ಹೋಗಲ್ಲ. ಅಂಚು ನೋಡಿ, ಎಷ್ಟು ಸೊಟ್ಟಗಿದೆ. ಕೊಡಿ ಇಲ್ಲಿ ಕತ್ತರಿ."

ಆಕೆ ಸರಿಪಡಿಸಿ ಮುಗಿಸುವ ಹೊತ್ತಿಗೆ ಕಿಂಡಿಯಲ್ಲಿ ಕುರಿ ನುಗ್ಗಬಹುದಿತ್ತು.

"ಈಗ ದುಂಡಗಾಯ್ತು. ಸೆಕ್ರೆಟರಿ ಕ್ರಾಲಿ ನೋಡಿದ್ರೆ ನಿಮ್ಮನ್ನ ಮನೆ ಬಿಡಿಸ್ತಾರೆ, ಅದು ಬೇರೆ ಮಾತು."

ಈನಕ್‌ಗೆ ಹಳೆಯ ಓಣಿಯ ಕೆಮ್ಮು ಕಿವಿಯಲ್ಲಿ ಕೇಳಿಸಿತು. ಹೆಟ್ಟಿ ಅತಿಥಿಗಳಿಗೆ ಚಹಾ ಮಾಡಲು ಸಭಾಮನೆಗೆ ಹೋಗಿದ್ದಳು. ಅವನು ಎರಡು ಮೈಲಿ ಓಡಿ, ಸಸಿ ಮಾರುವವನನ್ನು ಕಾಡಿಬೇಡಿ, ಅದೇ ಜಾತಿಯ ದಟ್ಟ ಪೊದೆಯೊಂದನ್ನು ಹೆಗಲ ಮೇಲೆ ಹೊತ್ತು ಹಿತ್ತಲ ದಾರಿಯಿಂದ ಮನೆ ಸೇರಿದ. ಕಿಂಡಿಯ ಬುಡದಲ್ಲಿ ನೆಟ್ಟು, ಕೊಂಬೆಗೆ ಕೊಂಬೆ ಕಟ್ಟಿ, ನೀರು ಹೊಯ್ದ. ಸೂಜಿ ತೂರಲೂ ಸಂದಿಲ್ಲ. ತನ್ನ ಕೈಕೆಲಸಕ್ಕೆ ತಾನೇ ಬೆರಗಾದ.

ಮೂರಕ್ಕೆ ಸೆಕ್ರೆಟರಿ ಕ್ರಾಲಿ, ನಾಲ್ವರು ಜರ್ಮನರು, ಒಂದು ಕ್ಯಾಮೆರಾ, ಹಿಂದೆಯೇ ಮಿಸೆಸ್ ಟಾಟಲ್ ಬಂದರು.

"ಕಿಂಡಿ ಎಲ್ರೀ?" ಎಂದರು ಕ್ರಾಲಿ.

"ಯಾವ ಕಿಂಡಿ ಸಾರ್?"

"ಇವರ ರೈಲು ಬೇಗ ಬಂತು, ನೀವಿಲ್ದಾಗ ಹನ್ನೆರಡಕ್ಕೇ ಬಂದು ನೋಡ್ಕೊಂಡು ಹೋಗಿದ್ವಿ, ಈಗ ಫೋಟೋ ತೆಗೆಯೋಕೆ ಬಂದ್ವಿ. ನೆರೆಯವರು ಮುಖ ನೋಡ್ಕೊಳ್ಳೋ ಬೇಲಿ ಅಂತ ಈ ಇಂಜಿನಿಯರು ಟೋಪಿ ತೆಗೆದು ನಿಂತ್ಬಿಟ್ರು. ಅವರೂರಲ್ಲಿ ಕಟ್ಟೋ ಇನ್ನೂರು ಮನೆಗೂ ಇಂಥದ್ದೇ ಮಾಡಿಸ್ತಾರಂತೆ. ಊಟದ ಹೊತ್ತಿಗೆ ಸಮಿತಿ ನಿಯಮವನ್ನೂ ಮಾಡ್ತು. ಬೇಲಿಗೊಂದು ಕಿಂಡಿ ಇರಲೇಬೇಕು, ಮುಚ್ಚಿದವರು ಮನೆ ಬಿಡಬೇಕು."

"ಮುಚ್ಚಿದ್ದು ನಾನಲ್ಲ ಸಾರ್," ಎಂದರು ಮಿಸೆಸ್ ಟಾಟಲ್.

ಈನಕ್ ಕತ್ತರಿ ತಂದ. ಇಂಜಿನಿಯರು ಟೇಪು ಹಿಡಿದು ಅಳತೆ ಹೇಳಿದ ಹಾಗೆ ಹೊಸ ಪೊದೆಯನ್ನು ನಡುವೆ ಕತ್ತರಿಸಿ ತೆಗೆದ. ಅಳತೆಯೆಲ್ಲ ಪುಸ್ತಕದಲ್ಲಿ ದಾಖಲಾಯಿತು. ತನ್ನ ಕೈ ಜಾರಿದ್ದು ಕಡಲು ದಾಟಿ, ಕಾಣದ ಊರಿನ ಇನ್ನೂರು ಮನೆಗಳಲ್ಲಿ ಬೆಳೆಯುತ್ತದೆಂದು ನೆನೆದು, ಎಲ್ಲರೂ ಹೋದ ಮೇಲೆ ಅವನು ಮೆಲ್ಲಗೆ ಟೋಪಿ ತೆಗೆದ.

ಕಿಂಡಿಯಲ್ಲಿ ಮತ್ತೆ ಆ ಚಂದ್ರ ಮೂಡಿದ.

"ಟೋಪಿ ಹಾಕ್ಕೊಳ್ರೀ, ನೆಗಡಿಯಾಗುತ್ತೆ. ಸರಿ, ಇವತ್ತು ಸಂಜೆ ನಿಮ್ಮನೇಲಿ ಏನಡುಗೆ?"