ಎಡಗಡೆಯ ಬೆಳಕು

ಪುರಸಭೆಯ ಮಹಡಿಯಲ್ಲಿ ಕಿಟಕಿ ಪಕ್ಕದ ಮೇಜು ಸೋಮವಾರ ಖಾಲಿಯಾಯಿತು. ಅಲ್ಲಿ ಕೂರುತ್ತಿದ್ದ ಗುಮಾಸ್ತರು ನಿವೃತ್ತರಾಗಿದ್ದರು. ಮಂಗಳವಾರ ಬೆಳಗ್ಗೆ ಅಧ್ಯಕ್ಷರು ನೆಲಮಾಳಿಗೆಯ ದಾಖಲೆ ಗುಮಾಸ್ತನನ್ನು ಕರೆಸಿ, ಸಭಾಂಗಣದ ದೊಡ್ಡ ಚಿತ್ರಕ್ಕೆ ಒಂದು ಪುಟದ ವಿವರಣೆ ಬರೆಯಲು ಹೇಳಿದರು. ನಾಲ್ಕು ಗಂಟೆಗೆ ಅತಿಥಿಗಳು ನೋಡಲು ಬರುವವರಿದ್ದರು. ಬರಹ ಮೆಚ್ಚುಗೆಯಾದರೆ ಆ ಮೇಜು ಅವನಿಗೇ ಎಂದರು.

ಹನ್ನೊಂದು ವರ್ಷದಿಂದ ನೆಲದಡಿಯಲ್ಲೇ ಇದ್ದ ಈ ಮನುಷ್ಯನಿಗೆ ಕಚೇರಿಯವರು ಪಾತಾಳಣ್ಣ ಎಂದು ಹೆಸರಿಟ್ಟಿದ್ದರು. ಮಧ್ಯಾಹ್ನ ಊಟಕ್ಕೆ ಮೇಲೆ ಬಂದರೆ, ಆಗತಾನೇ ಕಣ್ಣು ತೆರೆದ ಬೆಕ್ಕಿನ ಮರಿಯಂತೆ ಪಿಳಿಪಿಳಿ ನೋಡುತ್ತ ನಿಲ್ಲುತ್ತಿದ್ದ.

ಚಿತ್ರ ನವಶಾಸ್ತ್ರೀಯ ಶೈಲಿಯದು. ಹಳೆಯ ರೋಮಿನ ಕಂಬ, ಉಡುಪು, ಶಿಸ್ತು ಎಲ್ಲವೂ ಅದರಲ್ಲಿದ್ದವು. ಕೆಂಪು ಮೇಲಂಗಿಯ ದೊರೆ ಪ್ರಜೆಗಳ ಮೇಜಿನ ಮೇಲೆ ಕಿರೀಟ ಇಳಿಸುತ್ತಿದ್ದಾನೆ. ಚಾಚಿದ ಕೈಗಳು, ನೆಲಗಲ್ಲಿನ ಗೆರೆಗಳು ಕಿರೀಟದತ್ತಲೇ ಓಡುತ್ತವೆ. ಪಾತಾಳಣ್ಣ ಎರಡು ಪುಸ್ತಕ ಓದಿ, ಸ್ಕೇಲು ಹಿಡಿದು ಅಳೆದು, ಊಟದ ಹೊತ್ತಿಗೆ ಬರೆದು ಮುಗಿಸಿದ.

ಹೆಡ್ ಗುಮಾಸ್ತರು ಓದುತ್ತ ಓದುತ್ತ ಗಂಟುಮುಖ ಹಾಕಿದರು. ಕಂಬದ ಹಿಂದೆ ಕಾಗದದ ಸುರುಳಿ ಹಿಡಿದು ಕತ್ತಲಲ್ಲಿ ನಿಂತವನು ಬದಲಾವಣೆ ಬೇಡದವರ ಸಂಕೇತ ಎಂದು ಪುಟದಲ್ಲಿತ್ತು.

"ಕಾಗದ ಹಿಡಿದೋನು ಅಂದ್ರೆ ನಾನೇ ತಾನೇ? ನನ್ನನ್ನ ಕತ್ತಲಿಗೆ ತಳ್ತೀಯೇನಯ್ಯ?"

"ಚಿತ್ರಕ್ಕೆ ಇನ್ನೂರು ವರ್ಷ ಆಯ್ತು ಸಾರ್."

"ನಾನೂ ಕೆಲಸಕ್ಕೆ ಸೇರಿ ಬಹಳ ವರ್ಷ ಆಯ್ತು."

ತಿದ್ದಿದ ಪುಟದಲ್ಲಿ ಕಾಗದದವನು ಆಡಳಿತದ ಬೆನ್ನೆಲುಬಾದ. ಆದರೆ ಟೈಪಿಸ್ಟ್ ಅಕ್ಕ ಅರ್ಧದಲ್ಲೇ ಬೆರಳು ನಿಲ್ಲಿಸಿದರು. ಚಿತ್ರದಲ್ಲಿ ಗಂಡಸರದ್ದು ನೆಟ್ಟನೆಯ ಗೆರೆ, ಹೆಂಗಸರದ್ದು ಬಾಗಿದ ಗೆರೆ ಎಂಬ ಸಾಲು ಅವರಿಗೆ ಹಿಡಿಸಲಿಲ್ಲ.

"ನಿಮ್ಮ ಕಡತ ಟೈಪ್ ಮಾಡಿ ಮಾಡಿಯೇ ಬಾಗಿರೋದು ಕಣಪ್ಪ. ಮೊದಲು ಅದನ್ನ ಬರಿ." ಹಾಗೆಂದು ಕಾಗದವನ್ನು ಡ್ರಾಯರಿಗೆ ಹಾಕಿ, ಬೀಗ ಜಡಿದು ಚಹಾಕ್ಕೆ ಹೋದರು.

ಅಷ್ಟರಲ್ಲಿ ಹೆಡ್ ಗುಮಾಸ್ತರಿಗೆ ಹೊಸ ಅನುಮಾನ ಹುಟ್ಟಿತು. ಪುಟದಲ್ಲಿ ಬರೆದಂತೆ ಬೆಳಕು ಎಡಗಡೆಯಿಂದ ಬರುವುದಾದರೆ ಚಿತ್ರದಲ್ಲಿ ಕಿಟಕಿ ಎಲ್ಲಿ ಎಂದು ಕೇಳಿದರು. ಹುಡುಕಲು ಪಾತಾಳಣ್ಣ ಏಣಿ ಹತ್ತಿದ. ಆರನೇ ಮೆಟ್ಟಿಲಲ್ಲಿದ್ದಾಗ ಅಧ್ಯಕ್ಷರು ಎಂಟು ಅತಿಥಿಗಳೊಡನೆ ಒಳಬಂದರು, ಅರ್ಧ ಗಂಟೆ ಮೊದಲೇ.

"ಅಲ್ಲೇ ಇರಿ. ಅಲ್ಲಿಂದಲೇ ಹೇಳಿ," ಎಂದರು.

ಪಾತಾಳಣ್ಣ ಎರಡೂ ಕೈಯಿಂದ ಏಣಿಯನ್ನು ಅಪ್ಪಿಕೊಂಡ. ಹಾಗೇ ಹೇಳತೊಡಗಿದ. ಕಾಗದದವನ ವಿಷಯ ಬಂದಾಗ ಏಣಿ ಹಿಡಿದಿದ್ದ ಹೆಡ್ ಗುಮಾಸ್ತರು ಅದನ್ನು ತುಸು ಅಲುಗಿಸಿ ಬೆನ್ನೆಲುಬನ್ನು ನೆನಪಿಸಿದರು. ಬಾಗಿಲಲ್ಲಿ ಕೈಕಟ್ಟಿ ನಿಂತ ಅಕ್ಕನನ್ನು ನೋಡಿ, ಹೆಂಗಸರು ಬಾಗಿದ್ದು ದುಡಿಮೆಯಿಂದ ಎಂದ. ಕೊನೆಗೆ ಬೆಳಕಿನ ವಿಷಯಕ್ಕೆ ಬಂದಾಗ ಭಯ ಮರೆತೇಹೋಯಿತು.

"ಇಷ್ಟು ಜನರಲ್ಲಿ ನಮ್ಮ ಕಣ್ಣು ದೊರೆ ಮೇಲೇ ಯಾಕೆ ನಿಲ್ಲುತ್ತೆ? ಕಿಟಕಿ ಕಾಣದಿದ್ರೂ ಎಡಗಡೆಯ ಬೆಳಕು ಅವನ ಮೇಲೇ ಬಿದ್ದಿದೆ. ಅವನು ಕಿರೀಟ ಇಳಿಸಿದ್ರೂ ದೊಡ್ಡವನಾಗೇ ಕಾಣೋದು ಆ ಬೆಳಕಿಂದ."

ಅತಿಥಿಗಳು ಚಪ್ಪಾಳೆ ತಟ್ಟಿದರು. ಅವರು ಹೊರಟ ಮೇಲೂ ಅಧ್ಯಕ್ಷರು ಚಿತ್ರದ ಮುಂದೆಯೇ ನಿಂತಿದ್ದರು.

"ಎಂಥಾ ಮಾತು ಹೇಳಿದಿರಿ. ನಾನು ಎರಡು ವರ್ಷದಿಂದ ಕಿಟಕಿಗೆ ಬೆನ್ನು ಹಾಕಿ ಕೂತಿದ್ದೀನಿ. ಬಂದವರಿಗೆ ನನ್ನ ಮುಖವೇ ಕಾಣ್ತಿರಲಿಲ್ಲ. ಮಹಡಿಯ ಆ ಖಾಲಿ ಮೇಜಿಗೆ ಕಿಟಕಿ ಎಡಗಡೆಗೇ ಇದೆ ಅಲ್ವಾ?"

"ಇದೆ ಸಾರ್," ಎಂದ ಪಾತಾಳಣ್ಣ.

ಐದು ಗಂಟೆಗೆ ಅಧ್ಯಕ್ಷರ ಸಾಮಾನು ಮಹಡಿಗೆ ಹೋಯಿತು. ಕುರ್ಚಿ ಹೊತ್ತವನು ಪಾತಾಳಣ್ಣನೇ. ಅದರಲ್ಲಿ ಕೂತು, ಮುಖವನ್ನು ಬಿಸಿಲಿಗೆ ಹಿಡಿದು ಅಧ್ಯಕ್ಷರು ಹೇಳಿದರು:

"ನಿಮ್ಮಂಥ ತಜ್ಞರನ್ನ ಇಲ್ಲಿ ಕೂರಿಸಿ ದಂಡ ಮಾಡಬಾರದು. ನೆಲಮಾಳಿಗೆಯಲ್ಲಿ ಹಳೇ ಅಧ್ಯಕ್ಷರ ಇಪ್ಪತ್ತೇಳು ಚಿತ್ರಗಳಿವೆಯಂತೆ. ಒಂದೊಂದಕ್ಕೂ ಒಂದೊಂದು ಪುಟ ಬರೀರಿ."

"ಅಲ್ಲಿ ಕತ್ತಲು ಸಾರ್."

"ಟಾರ್ಚು ಮಂಜೂರು ಮಾಡ್ತೀನಿ. ಎಡಗಡೆಯಿಂದ ಹಿಡ್ಕೊಳ್ಳಿ."