ಅರ್ಧ ರೇಟಿನ ಬೋಣಿಗೆ

ಆಗ ನನಗೆ ಐವತ್ತೆರಡೋ ಐವತ್ನಾಲ್ಕೋ. ನಮ್ಮವ್ವ ಬರೆದಿಟ್ಟಿಲ್ಲ, ಆಕೆಗೂ ಬರೆಯಲು ಬರುತ್ತಿರಲಿಲ್ಲ. ಅದಾಗಿ ಇಪ್ಪತ್ತೈದು ವರ್ಷದ ಮೇಲಾಯಿತು. ಅಲ್ಲಿಯವರೆಗೆ ಜನ ನನ್ನನ್ನು ಬೇಕಾದಷ್ಟು ಕೇಳಿದ್ದರು. ಕಟ್ಟು ಎಷ್ಟು, ಸೊಪ್ಪು ಇವತ್ತಿನದಾ ನಿನ್ನೆಯದಾ, ಇದೇನು ಕಟ್ಟೋ ಜುಟ್ಟೋ. ಆದರೆ ಒಂದು ಮಾತಿನ ಅರ್ಥ ಏನು ಎಂದು ನನ್ನನ್ನು ಒಬ್ಬರೂ ಕೇಳಿರಲಿಲ್ಲ. ಒಮ್ಮೆ ಕೇಳಿದರು. ಹೇಳಿದೆ. ಹನ್ನೊಂದು ದಿನ ಲುಕ್ಸಾನು ಅನುಭವಿಸಿದೆ. ಇದನ್ನು ನಾನೇ ಬರೆದಿದ್ದೇನೆ. ಒತ್ತಕ್ಷರ ಮಾತ್ರ ಮೊಮ್ಮಗಳು ತಿದ್ದಿದ್ದಾಳೆ.

ನಾನು ಕೊಟ್ಟೂರು ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುತ್ತಿದ್ದೆ. ರಾಜಗಿರಿ, ಮೆಂತ್ಯ, ಪುಂಡಿ. ನಸುಕಿನಲ್ಲಿ ತೋಟಕ್ಕೆ ಹೋಗಿ ನಗದು ಕೊಟ್ಟು ತರಬೇಕು. ಉದ್ರಿ ಎಂದರೆ ತೋಟದವನು ನಾಯಿ ಬಿಡುವ ಆಸಾಮಿ. ಮಧ್ಯಾಹ್ನದೊಳಗೆ ಬುಟ್ಟಿ ಖಾಲಿಯಾದರೆ ನಾಳೆಯ ಸೊಪ್ಪಿಗೆ ರೊಕ್ಕ ಆಯಿತು. ಉಳಿದರೆ ಸೊಪ್ಪಿನ ಜೊತೆ ರೊಕ್ಕವೂ ಬಾಡಿತು. ಬೆಳ್ಳಿ ಬಂಗಾರ ಮಾರುವವರಿಗೆ ಈ ಕಷ್ಟ ತಿಳಿಯುವುದಿಲ್ಲ. ಅವರ ಮಾಲು ಹನ್ನೆರಡರ ಬಿಸಿಲಿಗೆ ತಲೆ ಬಗ್ಗಿಸುವುದಿಲ್ಲ.

ಆ ವರ್ಷ ನಮ್ಮ ಓಣಿಯಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುವ ಸಾಲೆ ಶುರುವಾಯಿತು. ದೀಪ ಹಚ್ಚುವ ಹೊತ್ತಿಗೆ ಹದಿನೈದು ಹೆಂಗಸರು ಕೂಡುತ್ತಿದ್ದೆವು. ಕಲಿಸಲು ಬಂದವಳು ಇಪ್ಪತ್ತೆರಡರ ಒಂದು ಹುಡುಗಿ; ನಾವೆಲ್ಲ ಅಕ್ಕೋರು ಎನ್ನುತ್ತಿದ್ದೆವು. ಹರಪನಹಳ್ಳಿಯ ಹಾಸ್ಟೆಲ್ಲಿನಲ್ಲಿ ಓದಿದವಳು, ಈಗ ಒಂದು ಬಾಡಿಗೆ ಕೋಣೆಯಲ್ಲಿದ್ದಳು. ಗಂಟೆ ಬಾರಿಸಿದಾಗ ತಟ್ಟೆ ಹಿಡಿದು ಹೋಗಿ ಗೊತ್ತೇ ಹೊರತು ಚೀಲ ಹಿಡಿದು ಸಂತೆ ಮಾಡಿ ಗೊತ್ತಿರಲಿಲ್ಲ. ಕಲಿಯುವವರಲ್ಲಿ ನಾನೇ ಎಲ್ಲರಿಗಿಂತ ಹಿಂದೆ. ನನ್ನ ಕೈಗೆ ಸೊಪ್ಪಿನ ಬುಟ್ಟಿ ಹಗುರ, ಬಳಪ ಭಾರ. ಮಾರ್ಕೆಟ್ಟಿನಲ್ಲಿ ನನ್ನ ಪಕ್ಕ ಕೂತು ನಿಂಬೆಹಣ್ಣು ಮಾರುವ ದುರುಗಮ್ಮ ಸಾಲೆಯಲ್ಲೂ ನನ್ನ ಪಕ್ಕದಲ್ಲೇ ಕೂಡುತ್ತಿದ್ದಳು. ಆಕೆ ನನಗಿಂತ ಎರಡು ಅಕ್ಷರ ಮುಂದೆ. ಆ ಎರಡು ಅಕ್ಷರದ ಸೊಕ್ಕು ಹೇಳತೀರದು.

ಒಂದು ಸಂಜೆ ಅಕ್ಕೋರು, "ನಿಮ್ಮ ನಿಮ್ಮ ಕೆಲಸದಾಗಿನ ಒಂದೊಂದು ಮಾತು ಹೇಳ್ರಿ. ಅದರ ಅರ್ಥಾನೂ ಹೇಳ್ರಿ, ಬೋರ್ಡಿನ ಮ್ಯಾಲೆ ಬರಿಯೋಣು" ಎಂದಳು.

ದುರುಗಮ್ಮ ಎದ್ದು "ನಿಂಬಿಹಣ್ಣು" ಎಂದಳು.

"ಅರ್ಥ?"

"ಹುಳಿ ಇರ್ತೈತ್ರಿ," ಎಂದು ಕೂತಳು.

ನಾನು ಎದ್ದು "ಬೋಣಿಗಿ" ಎಂದೆ. ಅಕ್ಕೋರು ಆ ಮಾತು ಕೇಳಿದ್ದಳಂತೆ, ಅದರ ಕಟ್ಟಳೆ ಗೊತ್ತಿಲ್ಲವಂತೆ. ನನಗೆ ಅಷ್ಟೇ ಸಾಕಾಯಿತು. ದಿನದ ಮೊದಲ ವ್ಯಾಪಾರವೇ ಬೋಣಿಗೆ. ಆ ರೊಕ್ಕವನ್ನು ಕಣ್ಣಿಗೆ ಒತ್ತಿಕೊಂಡು, ಬುಟ್ಟಿಗೆ ಮುಟ್ಟಿಸಿ, ಗೋಣಿತಟ್ಟಿನ ಕೆಳಗೆ ಬೇರೆಯೇ ಇಡಬೇಕು. ಬೋಣಿಗೆಗೆ ಉದ್ರಿ ಇಲ್ಲ. ಬೋಣಿಗೆ ಆಗುವವರೆಗೆ ನಾವೂ ಯಾರಿಗೂ ಏನೂ ಬಿಚ್ಚುವಂತಿಲ್ಲ, ಇದೇ ಅದರ ದೊಡ್ಡ ಉಪಯೋಗ. ಚಂದಾ ಕೇಳುವವರಿಗೆ, ನೂರರ ನೋಟಿಗೆ ಚಿಲ್ಲರೆ ಕೇಳುವವರಿಗೆ, ಕೈಗಡ ಕೇಳುವ ನಾದಿನಿಗೆ, ಹೊತ್ತು ಮೂರು ಗಂಟೆಯಾಗಿರಲಿ, "ಇನ್ನೂ ಬೋಣಿಗಿ ಆಗಿಲ್ಲ" ಎಂದರೆ ತೀರಿತು. ಮನೆಯಲ್ಲೂ ಈ ಮಾತು ನಡೆಯುತ್ತದೆ. ಬೆಳಗ್ಗೆ ಮೊದಲ ಬೈಗುಳ ತಿಂದ ನಮ್ಮ ಯಜಮಾನ "ಇವತ್ತೂ ಬೋಣಿಗಿ ನಂದ ಏನು?" ಎನ್ನುತ್ತಿದ್ದ. ಇದನ್ನು ಹೇಳಿದಾಗ ಕೋಣೆಯೆಲ್ಲ ನಕ್ಕಿತು. ನನಗೆ ಏರಿತು. ಇನ್ನಷ್ಟು ಹೇಳಿದೆ.

"ಬೋಣಿಗಿ ಗಿರಾಕಿನ್ನ ಬರಿಗೈಲಿ ಕಳಸಬಾರ್ದ್ರಿ. ಅರ್ಧ ರೇಟಿಗೆ ಕೇಳಿದ್ರೂ ಕೊಡಬೇಕು. ಬುಟ್ಟಿ ಜಲ್ದಿ ಖಾಲಿ ಆಗ್ತೈತಿ."

"ಅರ್ಧ ಕೇಳಿದ್ರ ಬುಟ್ಟಿ ಜಲ್ದಿ ಖಾಲಿ ಆಗ್ತೈತಾ?" ಅಕ್ಕೋರು ಕಣ್ಣು ದೊಡ್ಡದು ಮಾಡಿದಳು.

"ಹೂಂನ್ರಿ," ಎಂದೆ. ಆಕೆ ಕೇಳಿದ್ದೇನು, ನಾನು ಒಪ್ಪಿದ್ದೇನು ಎಂದು ನೋಡುವ ಪುರುಸೊತ್ತು ಯಾರಿಗಿತ್ತು? ಹದಿನಾಲ್ಕು ಹೆಂಗಸರು ನನಗೆ ಚಪ್ಪಾಳೆ ಹೊಡೆಯುತ್ತಿದ್ದರು. ಮನೆಗೆ ಹೋಗುವಾಗ ದುರುಗಮ್ಮ, "ಏನಲೇ ಹನುಮಕ್ಕ, ಭಾಷಣ ಜೋರಾತು. ಇನ್ನ ಗಿರಾಕಿಗೆ ಸೊಪ್ಪಿನ ಬದ್ಲಿ ಅರ್ಥ ಕಟ್ಟಿ ಕೊಡು" ಎಂದಳು. ಹೊಟ್ಟೆಕಿಚ್ಚು ಎಂದುಕೊಂಡೆ.

ಬೆಳಗಾದರೆ ಬುಟ್ಟಿ ಇಳಿಸುವ ಮೊದಲೇ ಅಕ್ಕೋರು ಎದುರಿಗೆ ನಿಂತಿದ್ದಳು. "ಹನುಮಕ್ಕಾರೆ, ಬೋಣಿಗಿ ಆತೇನ್ರಿ?"

"ಇಲ್ರಿ."

"ಹಂಗಾರ ನಾಕು ಕಟ್ಟು ಕೊಡ್ರಿ. ಎರಡು ರೂಪಾಯಿ."

ಕಟ್ಟಿಗೆ ಒಂದು ರೂಪಾಯಿ ಇದ್ದ ಕಾಲ. ಚೇಷ್ಟೆ ಎಂದುಕೊಂಡು ಕೊಟ್ಟೆ. ಮರುದಿನ ಆರು ಕಟ್ಟು, ಮೂರು ರೂಪಾಯಿ. ಐದನೆಯ ದಿನಕ್ಕೆ ಎಂಟು ಕಟ್ಟಾಯಿತು. ಇಲ್ಲ ಎನ್ನುವ ಹಾಗಿಲ್ಲ; ನಾನು ಹೇಳಿದ ಕಟ್ಟಳೆ ಬೋರ್ಡಿನ ಮೂಲೆಯಲ್ಲಿ ಇನ್ನೂ ಅಳಿಸದೆ ಇತ್ತು. ಸಾಲದ್ದಕ್ಕೆ ಆಕೆ ರೊಕ್ಕ ಕೊಟ್ಟು, "ಕಣ್ಣಿಗೆ ಒತ್ಕೋರಿ, ಮರೀಬ್ಯಾಡ್ರಿ" ಎಂದು ನನಗೇ ಜ್ಞಾಪಿಸುತ್ತಿದ್ದಳು. ದುರುಗಮ್ಮ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಬೆರಳಿನ ಹಾಗಿರುವ ಹುಡುಗಿ, ಎಂಟು ಕಟ್ಟು ಸೊಪ್ಪು ಎಲ್ಲಿ ತುಂಬಿಕೊಳ್ಳುತ್ತಾಳೆ? ಬೇರೆ ಓಣಿಯಲ್ಲಿ ಕೂತು ಮಾರುತ್ತಾಳೋ ಏನೋ ಎಂದು ನನಗೆ ಅನುಮಾನ ಹತ್ತಿತು. ಆ ದಿನಗಳಲ್ಲಿ ಬುಟ್ಟಿ ಹನ್ನೊಂದಕ್ಕೇ ಖಾಲಿಯಾಗುತ್ತಿದ್ದುದು ನಿಜ. ಅದು ನನ್ನ ಸೊಪ್ಪಿನ ಗುಣ ಎಂದುಕೊಂಡು ಆಕೆಯ ಬೋಣಿಗೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಹನ್ನೆರಡನೆಯ ದಿನ ಉಪಾಯ ಮಾಡಿದೆ. ಯಜಮಾನನ ಕೈಗೆ ಎರಡು ರೂಪಾಯಿ ಕೊಟ್ಟು, ಆಕೆ ಬರುವ ಮೊದಲೇ ಬಂದು ಎರಡು ಕಟ್ಟು ಕೊಳ್ಳಲು ಹೇಳಿದೆ. ಆತ ತೊಳೆದ ಅಂಗಿ ತೊಟ್ಟು ಬಂದು, ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, "ರಾಜಗಿರಿ ಹೆಂಗ?" ಎಂದ.

"ಸುಮ್ನ ತಗೊಂಡು ಹೋಗು."

"ಗಿರಾಕಿ ಜತಿ ಹಿಂಗ ಮಾತಾಡ್ತಾರೇನು? ಎರಡು ಕಟ್ಟು ಕೊಡು. ಒಂದು ರೂಪಾಯಿ. ಬೋಣಿಗಿ ಐತಿ, ಇಲ್ಲ ಅನ್ನಂಗಿಲ್ಲ."

ಉಳಿದ ನನ್ನ ರೂಪಾಯಿಯಲ್ಲಿ ಚಹಾ ಕುಡಿದು ಮನೆಗೆ ಹೋದ. ಮೂವತ್ತು ವರ್ಷ ಸಂಸಾರ ಮಾಡಿದ್ದೇನೆ, ಆತ ಇಷ್ಟು ಚುರುಕಾಗಿ ವ್ಯವಹಾರ ಮಾಡಿದ್ದು ಅದೊಂದೇ ಸಲ. ಅಕ್ಕೋರು ಓಡುತ್ತ ಬಂದಳು. "ಬೋಣಿಗಿ ಆತ್ರಿ," ಎಂದೆ, ಮುಖ ಬಿಗಿದುಕೊಂಡು. "ಆತಾ? ಚಲೋ ಆತು ಬಿಡ್ರಿ," ಎಂದು ಏನೂ ಕೊಳ್ಳದೆ ನಡೆದಳು.

ಆ ದಿನ ಹಗಲೆಲ್ಲ ಕೂತೆ. ಅದೇ ತೋಟದ ಸೊಪ್ಪು, ಅದೇ ಜಾಗ. ಬಂದವರೆಲ್ಲ ನಿಂಬೆಹಣ್ಣು ಕೊಂಡರು. ಹನ್ನೆರಡಕ್ಕೆ ಸೊಪ್ಪು ಬಗ್ಗಿತು, ಎರಡಕ್ಕೆ ಮಲಗಿತು. "ನಿನ್ನ ಗಂಡನ ಕೈಗುಣ ನೋಡಲೇ, ದೊಡ್ಡದೈತಿ," ಎಂದಳು ದುರುಗಮ್ಮ. ಮುಕ್ಕಾಲು ಬುಟ್ಟಿ ಹೊತ್ತು ಮನೆಗೆ ಬಂದೆ. ನಾಳೆ ತೋಟದವನಿಗೆ ಕೊಡಲು ಅರ್ಧ ಬುಟ್ಟಿಯ ರೊಕ್ಕವಷ್ಟೇ ಉಳಿದಿತ್ತು.

ಸಂಜೆ ಸಾಲೆಯಲ್ಲಿ ಅಕ್ಕೋರು ನನ್ನ ಪಕ್ಕ ಬಂದು ಕೂತು, "ಇವತ್ತ ಯಾರ್ರಿ ಬೋಣಿಗಿ ಮಾಡಿದ್ದು?" ಎಂದಳು.

"ನಮ್ಮ ಮನಿಯಾತ."

"ಅರ್ಧ ಕೇಳಿದ್ರಾ?"

"ಕೇಳಿದ."

"ಸದ್ಯ!" ಎಂದು ಎದೆಯ ಮೇಲೆ ಕೈ ಇಟ್ಟುಕೊಂಡಳು. "ನೀವ ಹೇಳಿದ್ರಲ್ಲ, ಅರ್ಧ ಕೇಳಿದ್ರ ಬುಟ್ಟಿ ಖಾಲಿ ಆಗ್ತೈತಿ ಅಂತ. ನಿಮಗ ಚಲೋ ಆಗ್ಲಿ ಅಂತ ದಿನಾ ಐದಕ್ಕ ಎದ್ದು ಬರ್ತಿದ್ದೆ. ಹೆಚ್ಚು ಕಟ್ಟು ತಗೊಂಡ್ರ ಇನ್ನೂ ಜಲ್ದಿ ಆಗ್ತೈತೇನೋ ಅಂತ ಎಂಟಕ್ಕ ಏರಿಸಿದೆ. ನಂಗ ಸೊಪ್ಪು ಸೇರಂಗಿಲ್ರಿ."

"ಮತ್ತ ಅಷ್ಟೂ ಸೊಪ್ಪು?"

"ಮನಿ ಓನರಮ್ಮನ ಆಕಳಿಗೆ ಹಾಕ್ತಿದ್ದೆ. ಇನ್ನ ನಿಮ್ಮ ಯಜಮಾನ್ರು ಅದಾರಲ್ಲ, ನಾಳಿಂದ ಏಳರ ತನಕ ಮಲಗ್ತೀನಿ."

ದುರುಗಮ್ಮನ ಕೈಯಿಂದ ಪಾಟಿ ಜಾರಿ ಬಿತ್ತು. ಆ ಹುಡುಗಿಗೆ ಬರುತ್ತಿದ್ದ ಸಂಬಳವೋ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದರಲ್ಲಿ ದಿನಾ ಎರಡು, ಮೂರು, ಕೊನೆಗೆ ನಾಲ್ಕು ರೂಪಾಯಿ ನನಗಾಗಿ ಕಳೆದಿದ್ದಳು. ನಾನೂ ಅಷ್ಟೇ ಕಳೆದಿದ್ದೆ. ಇಬ್ಬರೂ ಸೇರಿ ಕಂಡವರ ಆಕಳು ಸಾಕಿದ್ದೆವು. ನೀನು ತಪ್ಪು ತಿಳಿದೆ ಮಗಳೇ, ಅರ್ಧ ಕೇಳಲೇಬೇಕೆಂದೇನಿಲ್ಲ, ಎಂದು ಹೇಳಲು ಬಾಯಿ ತೆರೆದೆ. ಮನೆಯಲ್ಲಿ ಮಲಗಿದ್ದ ಮುಕ್ಕಾಲು ಬುಟ್ಟಿ ಕಣ್ಣ ಮುಂದೆ ಬಂತು. ಬಾಯಿ ಮುಚ್ಚಿದೆ.

ಮರುದಿನ ಬೆಳಗ್ಗೆ ತೋಟದಿಂದ ಮಾರ್ಕೆಟ್ಟಿಗೆ ಹೋಗಲಿಲ್ಲ. ಅರ್ಧ ಬುಟ್ಟಿ ಹೊತ್ತು ನೆಟ್ಟಗೆ ಅಕ್ಕೋರ ಕೋಣೆಗೆ ಹೋಗಿ ಬಾಗಿಲು ಬಡಿದೆ. ಆಕೆ ಕಣ್ಣು ಉಜ್ಜುತ್ತ ಬಂದಳು. "ಬೋಣಿಗಿ ಮಾಡ್ರಿ ಅಕ್ಕೋರೆ," ಎಂದೆ. "ಅರ್ಧ ರೇಟಿಗೇ ಕೇಳ್ರಿ. ಆದ್ರ ಒಂದ ಕಟ್ಟು ಕೇಳ್ರಿ." ಆಕೆ ಕೊಟ್ಟ ಎಂಟಾಣೆಯನ್ನು ಕಣ್ಣಿಗೆ ಒತ್ತಿಕೊಂಡು, ಬುಟ್ಟಿಗೆ ಮುಟ್ಟಿಸಿ ಹೊರಟೆ. ಅಂಗಳದಲ್ಲಿ ಕಟ್ಟಿದ್ದ ಆಕಳು ಉಳಿದ ಏಳು ಕಟ್ಟು ಎಲ್ಲಿ ಎನ್ನುವ ಹಾಗೆ ನನ್ನನ್ನೇ ನೋಡಿತು.